ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

1868ರ ಆಗಸ್ಟ್ 18. ಪಟವರ್ಧನರ ಆಳ್ವಿಕೆಯ ಜಮಖಂಡಿಯಲ್ಲಿ ಆಕಾಶಕ್ಕೆ ಮೋಡ ಕವಿದಿತ್ತು. ಇನ್ನೇನು ಪೂರ್ಣ ಸೂರ್ಯಗ್ರಹಣ ಹಿಡಿಯುವ ಹೊತ್ತು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ತನ್ನ ದೂರದರ್ಶಕಕ್ಕೆ, ಬೆಳಕನ್ನು ವಸ್ತುವಿನ ಗುರುತಿನ ಗೆರೆಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್ ಜೋಡಿಸಿಕೊಂಡು ಕಾದಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಈತ. ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಕೆಲಸ. ಉಪಕರಣ ಲಂಡನ್ನಿನ ರಾಯಲ್ ಸೊಸೈಟಿಯಿಂದ ಹಡಗಿನಲ್ಲಿ ಬಂದಿತ್ತು. ಅದೇ ಹೊತ್ತಿಗೆ ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ಕೈಯಲ್ಲಿ ಹಿಡಿದು ನೋಡುವ ಪುಟ್ಟ ಸ್ಪೆಕ್ಟ್ರೋಸ್ಕೋಪನ್ನು ಸೂರ್ಯನತ್ತ ತಿರುಗಿಸಿ ನಿಂತಿದ್ದ. ಪೂರ್ವಕ್ಕೆ, ಗುಂಟೂರಿನಲ್ಲಿ, ಫ್ರಾನ್ಸಿನ ಜಾನ್ಸೆನ್ ಇದ್ದ. ಪ್ರಯೋಗಾಲಯದ ಮೇಜು ಬಿಟ್ಟು ಬೆಳಕಿನ ವಿಶ್ಲೇಷಣೆ ಬಯಲಿಗಿಳಿದ ಮೊದಲ ದೊಡ್ಡ ಸಂದರ್ಭಗಳಲ್ಲಿ ಇದೂ ಒಂದು.

ಮೋಡ ಸರಿಯಿತು. ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಬೆಳಕಿನಲ್ಲಿ ಹರ್ಷೆಲ್‌ಗೆ ಮೂರು ಗೆರೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಕಿತ್ತಳೆ ಗೆರೆ ಸೋಡಿಯಂನದೇ ಎಂದು ಆತ ವರದಿ ಬರೆದ. ಆದರೆ ಅದರ ಜೊತೆಗೇ ಒಂದು ಷರತ್ತನ್ನೂ ಸೇರಿಸಿದ. ಇಂಥ ಹೋಲಿಕೆಯನ್ನು ಸ್ಥಾಪಿಸಲು ಈ ಉಪಕರಣಕ್ಕೆ ಎಷ್ಟು ಶಕ್ತಿಯಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಈ ಮಾತು ಎಂಬುದು ಅದರ ತಾತ್ಪರ್ಯ.

ಆ ಷರತ್ತೇ ಅವನ ಮಾನ ಉಳಿಸಿತು. ಗೆರೆ ಸೋಡಿಯಂನದಾಗಿರಲಿಲ್ಲ. ಸೋಡಿಯಂನ ಜೋಡಿ ಗೆರೆಗಳು 589.0 ಮತ್ತು 589.6 ನ್ಯಾನೋಮೀಟರ್‌ನಲ್ಲಿದ್ದರೆ ಇದು ಇದ್ದದ್ದು 587.6ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಗ್ರಹಣದ ಹಂಗಿಲ್ಲದೆಯೇ ಆ ಗೆರೆಯನ್ನು ನೋಡಿ, ಭೂಮಿಯ ಮೇಲಿನ ಯಾವ ವಸ್ತುವಿಗೂ ಅದು ತಾಳೆಯಾಗುವುದಿಲ್ಲ ಎಂಬ ತೀರ್ಮಾನದತ್ತ ಸಾಗಿದ. ಆ ಅಪರಿಚಿತ ವಸ್ತುವಿಗೆ ಹೀಲಿಯಂ ಎಂಬ ಹೆಸರು ಬಂತು. ವಸ್ತು ಕೈಗೆ ಸಿಕ್ಕಿದ್ದು 1895ರಲ್ಲಿ, ವಿಲಿಯಂ ರಾಮ್ಸೆ ಒಂದು ಯುರೇನಿಯಂ ಖನಿಜದಿಂದ ಅನಿಲ ಬಿಡಿಸಿದಾಗ. ನಡುವಿನ 27 ವರ್ಷ ಹೀಲಿಯಂ ಬರೀ ಒಂದು ಗೆರೆಯಾಗಿತ್ತು.

ಇದನ್ನು ಗೆಲುವಿನ ಕತೆಯೆಂದಷ್ಟೇ ಹೇಳಿ ಮುಗಿಸಿದರೆ ಅರ್ಧ ಸತ್ಯ. ಮರುವರ್ಷ, 1869ರ ಗ್ರಹಣದಲ್ಲಿ, ಅಮೆರಿಕದ ಯಂಗ್ ಮತ್ತು ಹಾರ್ಕ್‌ನೆಸ್ ಸೂರ್ಯನ ಕಿರೀಟದಲ್ಲಿ ಒಂದು ಹಸಿರು ಗೆರೆ ಕಂಡರು. ಅದೂ ಯಾವುದಕ್ಕೂ ತಾಳೆಯಾಗಲಿಲ್ಲ. ಅದೇ ತರ್ಕ ಹೂಡಿ ‘ಕರೋನಿಯಂ’ ಎಂಬ ಹೊಸ ಮೂಲವಸ್ತುವಿಗೆ ನಾಮಕರಣವೂ ಆಯಿತು. ಸುಮಾರು 70 ವರ್ಷಗಳ ನಂತರ ಗ್ರೋಟ್ರಿಯನ್ ಮತ್ತು ಎಡ್ಲೆನ್ ಅವರ ಕೆಲಸದಿಂದ ಗೊತ್ತಾದದ್ದು, ಅದು ನಮ್ಮ ನಿಮ್ಮ ಮನೆಯ ಕಬ್ಬಿಣವೇ ಎಂದು. ಕಿರೀಟದ ಹತ್ತು ಲಕ್ಷ ಡಿಗ್ರಿ ಮೀರಿದ ಬಿಸಿಯಲ್ಲಿ ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡು ಗುರುತು ಸಿಗದಂತಾಗಿತ್ತು, ಅಷ್ಟೆ. ಅದೇ ಉಪಕರಣ, ಅದೇ ತರ್ಕ. ಒಮ್ಮೆ ನಿಜವಾಯಿತು, ಇನ್ನೊಮ್ಮೆ ಸುಳ್ಳಾಯಿತು.

ಇಂದು ಸ್ಪೆಕ್ಟ್ರೋಸ್ಕೋಪ್ ಮತ್ತೆ ಬಯಲಿಗೆ ಬಂದಿದೆ. ಪಿಸ್ತೂಲಿನಾಕಾರದ ಎಕ್ಸ್‌ರೇ ಯಂತ್ರವನ್ನು ಗಣಿಯ ಬಂಡೆಗೆ, ಗುಜರಿಯ ಲೋಹಕ್ಕೆ, ಹಳೇ ಮನೆಯ ಬಣ್ಣಕ್ಕೆ ಒತ್ತಿ ಹಿಡಿಯುತ್ತಾರೆ. ಅಂಗೈಯಗಲದ ರಾಮನ್ ಯಂತ್ರ ಗಾಜಿನ ಸೀಸೆಯ ಮುಚ್ಚಳ ತೆಗೆಯದೆಯೇ ಒಳಗಿನ ಪುಡಿ ಯಾವುದೆಂದು ಹೇಳುತ್ತದೆ. ನೈಜೀರಿಯಾದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲೇ ಇಂಥ ಯಂತ್ರಗಳನ್ನು ಹಿಡಿದು ನಕಲಿ ಮಾತ್ರೆ ಹುಡುಕಲು ಹೊರಟಿತು. ಮಾದರಿ ತೆಗೆ, ಸೀಲ್ ಹಾಕು, ಪ್ರಯೋಗಾಲಯಕ್ಕೆ ಕಳಿಸು, ವರದಿಗೆ ಕಾಯು ಎಂಬ ವಾರಗಟ್ಟಲೆಯ ಕೆಲಸ ಅರ್ಧ ನಿಮಿಷಕ್ಕೆ ಇಳಿದಿದೆ.

ಆದರೆ ಜಮಖಂಡಿಗೂ ಇಂದಿಗೂ ಒಂದು ವ್ಯತ್ಯಾಸವಿದೆ. ಹರ್ಷೆಲ್ ಗೆರೆಗಳನ್ನು ತನ್ನ ಕಣ್ಣಾರೆ ಕಂಡಿದ್ದ. 1928ರ ಫೆಬ್ರವರಿ 28ರಂದು ಕೊಲ್ಕತ್ತೆಯಲ್ಲಿ ಸಿ.ವಿ. ರಾಮನ್ ಕೂಡ ಚದುರಿದ ಬೆಳಕಿನಲ್ಲಿ ಬಣ್ಣ ಬದಲಾದದ್ದನ್ನು ಕಣ್ಣಿನಿಂದಲೇ ನೋಡಿದ್ದು. ಅವರ ಹೆಸರು ಹೊತ್ತ ಇಂದಿನ ಯಂತ್ರ ಹಿಡಿದ ಅಧಿಕಾರಿಗೆ ಬೆಳಕೂ ಕಾಣದು, ಗೆರೆಯೂ ಕಾಣದು. ಪರದೆಯ ಮೇಲೆ ಒಂದು ಹೆಸರು ಮೂಡುತ್ತದೆ, ಪಕ್ಕದಲ್ಲಿ ಹಸಿರು ಅಥವಾ ಕೆಂಪು ಪಟ್ಟಿ. ಅವನು ಅದನ್ನು ಓದಿ ನಂಬುತ್ತಾನೆ.

ಹಾಗಾದರೆ ಅವನಿಗೆ ಆದ ಜ್ಞಾನ ಯಾವ ಜಾತಿಯದು? ಕಣ್ಣಾರೆ ಕಂಡ ಪ್ರತ್ಯಕ್ಷವೋ, ಕುರುಹಿನಿಂದ ತರ್ಕಿಸಿದ ಅನುಮಾನವೋ, ಇನ್ನೊಬ್ಬರ ಮಾತಿನಿಂದ ತಿಳಿದ ಶಬ್ದವೋ? ಭಾರತೀಯ ದರ್ಶನಗಳು ಎರಡು ಸಾವಿರ ವರ್ಷ ಜಗ್ಗಾಡಿದ ಪ್ರಶ್ನೆ ಇದು. ಪ್ರಮಾಣಶಾಸ್ತ್ರ ಮಠದ ಪಡಸಾಲೆಯಲ್ಲಿ ಕುಳಿತು ಮಾಡುವ ವಾಕ್ಯಾರ್ಥಕ್ಕೆ ಮಾತ್ರ ಎಂದುಕೊಂಡವರು ಈ ಯಂತ್ರವನ್ನು ಹಿಡಿದು ನೋಡಬೇಕು.

ಬಳಸುವವನಿಗೆ ಅದು ಪ್ರತ್ಯಕ್ಷವೆಂದೇ ಅನ್ನಿಸುತ್ತದೆ. ಕಣ್ಣೆದುರೇ ನಡೆಯಿತಲ್ಲ! ಯಂತ್ರದ ಒಳಗೆ ನಡೆದದ್ದು ಅನುಮಾನ: ಇಂಥ ಕಡೆ ಇಂಥ ಶಿಖರಗಳಿವೆ, ಆದ್ದರಿಂದ ಇದು ಇಂಥ ವಸ್ತು. ಆದರೆ ಆ ಅನುಮಾನದ ಹೇತುವಾದ ಶಿಖರಗಳನ್ನಾಗಲಿ, ಶಿಖರಕ್ಕೂ ವಸ್ತುವಿಗೂ ಇರುವ ತಪ್ಪದ ನಂಟಾದ ವ್ಯಾಪ್ತಿಯನ್ನಾಗಲಿ ಬಳಸುವವನು ನೋಡಿಲ್ಲ. ಅವನಿಗೆ ಮುಟ್ಟಿದ್ದು ತೀರ್ಮಾನದ ಮಾತು ಮಾತ್ರ. ಆದ್ದರಿಂದ ಅದು ಶಬ್ದ. ಶಬ್ದ ಎಂದಮೇಲೆ, ಹೇಳಿದವನು ಆಪ್ತನೇ, ಅಂದರೆ ನಂಬತಕ್ಕವನೇ, ಎಂದು ಕೇಳಲೇಬೇಕು. ನ್ಯಾಯಭಾಷ್ಯ ಬರೆದ ವಾತ್ಸ್ಯಾಯನ ಆಪ್ತನಿಗೆ ಇಟ್ಟ ಕಟ್ಟುಪಾಡು ಎರಡು: ಹೇಳುವ ವಿಷಯವನ್ನು ಅವನು ಸಾಕ್ಷಾತ್ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆ ಇರಬೇಕು. ಯಂತ್ರಕ್ಕೆ ಸುಳ್ಳಾಡುವ ಇಚ್ಛೆ ಇಲ್ಲ ಎಂಬುದು ನಿಜ. ಮೊದಲನೆಯ ಕಟ್ಟುಪಾಡಿನಲ್ಲಿ ಅದು ಎಡವುತ್ತದೆ.

ಯಾಕೆಂದರೆ ಈ ಯಂತ್ರಗಳು ಹೆಚ್ಚಾಗಿ ನೆನಪಿನ ಬಲದ ಮೇಲೆ ನಡೆಯುತ್ತವೆ. ಒಳಗೊಂದು ಗ್ರಂಥಾಲಯ: ಸಾವಿರಾರು ವಸ್ತುಗಳ ವರ್ಣಪಟಲಗಳ ಸಂಗ್ರಹ. ಎದುರಿಗಿರುವ ವಸ್ತುವಿನ ವರ್ಣಪಟಲಕ್ಕೆ ಅದರಲ್ಲಿ ಯಾವುದು ಹತ್ತಿರವೋ ಅದರ ಹೆಸರು ಪರದೆಗೆ ಬರುತ್ತದೆ. ಸಂಗ್ರಹದಲ್ಲೇ ಇಲ್ಲದ ವಸ್ತು ಬಂದರೆ ಪಕ್ಕದ ಮನೆಯವನ ಹೆಸರನ್ನು ಅದಕ್ಕೆ ಅಂಟಿಸುವ ಅಪಾಯ ಇದ್ದೇ ಇದೆ. ಜಮಖಂಡಿಯಲ್ಲಿ ಹೀಲಿಯಂಗೆ ಸೋಡಿಯಂ ಎಂಬ ಹೆಸರು ಬಂದದ್ದೂ ಹೀಗೆಯೇ. ಸ್ಮೃತಿಯನ್ನು, ಅಂದರೆ ನೆನಪನ್ನು, ಪ್ರಮಾಣವೆಂದು ನೈಯಾಯಿಕರು ಒಪ್ಪುವುದಿಲ್ಲ. ಉಡುಪಿಯ ಮಧ್ವಾಚಾರ್ಯರ ಪರಂಪರೆ ಒಪ್ಪುತ್ತದೆ, ಜೈನರೂ ಒಪ್ಪುತ್ತಾರೆ. ದಿನಬಳಕೆಯ ಬದುಕು ನೆನಪಿಲ್ಲದೆ ಒಂದು ಹೆಜ್ಜೆಯೂ ಸಾಗದು. ಆದ್ದರಿಂದ ಒಪ್ಪುವವರ ಕಡೆಯೇ ನ್ಯಾಯವಿದೆ ಎನ್ನಬೇಕು. ಆದರೆ ಮಧ್ವರು ಪ್ರತ್ಯಕ್ಷ, ಅನುಮಾನ, ಆಗಮ (ಶಬ್ದ) ಮೂರಕ್ಕೂ ಒಂದೇ ಷರತ್ತು ವಿಧಿಸಿದ್ದಾರೆ: ನಿರ್ದೋಷವಾಗಿರಬೇಕು. ಅಷ್ಟೇ ಅಲ್ಲ, ಯಥಾರ್ಥ ಜ್ಞಾನವೇ ‘ಕೇವಲ ಪ್ರಮಾಣ’, ಅದನ್ನು ತಂದುಕೊಡುವ ಸಾಧನಗಳೆಲ್ಲ ‘ಅನುಪ್ರಮಾಣ’ ಎಂದು ಅವರು ವಿಂಗಡಿಸಿದರು. ಈ ವಿಂಗಡಣೆಯಲ್ಲಿ ಯಂತ್ರದ ಸ್ಥಾನ ಸ್ಪಷ್ಟ. ಅದು ಸಾಧನ, ತೀರ್ಪು ಕೊಡುವ ಸಾಕ್ಷಿ ಅರಿಯುವವನೊಳಗೇ ಇದ್ದಾನೆ. ಯಂತ್ರವೇ ಹೇಳಿತು ಎಂದು ಹೊಣೆ ಜಾರಿಸಿಕೊಳ್ಳುವ ಅಧಿಕಾರಿಗೆ ದ್ವೈತದಲ್ಲಿ ಆಸರೆ ಸಿಗುವುದಿಲ್ಲ.

‘ಇದೆ’ ಎನ್ನುವಾಗಿನ ಕಷ್ಟ ಇದಾದರೆ, ‘ಇಲ್ಲ’ ಎನ್ನುವಾಗಿನ ಕಷ್ಟ ಇನ್ನೂ ಸೂಕ್ಷ್ಮ. ಕೆನಡಾದ ವ್ಯಾಂಕೂವರ್‌ನಲ್ಲಿ 2017ರಿಂದ ಬೀದಿಯ ಮಾದಕ ಪುಡಿಗಳನ್ನು ಸ್ಥಳದಲ್ಲೇ ಪರೀಕ್ಷಿಸಿಕೊಡುವ ವ್ಯವಸ್ಥೆ ಇದೆ. ವ್ಯಸನಿಯನ್ನು ಹಿಡಿದು ಕೊಡಲು ಅಲ್ಲ, ಸಾಯದಂತೆ ಉಳಿಸಲು. ಮೇಜಿನ ಮೇಲೆ ಇಡುವಷ್ಟು ಚಿಕ್ಕ ಅವಕೆಂಪು ಯಂತ್ರ. ಅದರ ಮಣಿಯಂಥ ಸ್ಫಟಿಕದ ಮೇಲೆ ಸಾಸಿವೆಯಷ್ಟು ಪುಡಿ ಇಟ್ಟು ಒತ್ತಿದರೆ ಕೆಲವೇ ನಿಮಿಷದಲ್ಲಿ ಏನೇನು ಬೆರೆತಿದೆ ಎಂದು ಹೇಳುತ್ತದೆ. ಆದರೆ ಬೆರಕೆಯಲ್ಲಿ ಸುಮಾರು ಶೇ. 5ಕ್ಕಿಂತ ಕಡಿಮೆ ಇರುವುದು ಅದಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಫೆಂಟನಿಲ್ ಅದಕ್ಕಿಂತ ಕಡಿಮೆ ಪ್ರಮಾಣದಲ್ಲೂ ಪ್ರಾಣ ತೆಗೆಯುತ್ತದೆ. ಹಾಗಾಗಿ ಯಂತ್ರ ‘ಫೆಂಟನಿಲ್ ಇಲ್ಲ’ ಎಂದರೂ ಅಲ್ಲಿಯ ಕಾರ್ಯಕರ್ತರು ಬೇರೆ ವಿಧಾನದ ಒಂದು ಕಾಗದದ ಪಟ್ಟಿಯನ್ನು ನೀರಿನಲ್ಲಿ ಕರಗಿಸಿದ ಪುಡಿಗೆ ಅದ್ದಿ ಇನ್ನೊಮ್ಮೆ ನೋಡುತ್ತಾರೆ.

ಭಾಟ್ಟ ಮೀಮಾಂಸಕರು ಮತ್ತು ಅದ್ವೈತಿಗಳು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ‘ನೆಲದ ಮೇಲೆ ಗಡಿಗೆ ಇಲ್ಲ’ ಎಂಬ ಅರಿವಿಗೆ ಅವರು ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪುತ್ತಾರೆ. ಆದರೆ ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಇರಬೇಕು. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ಯಾರೂ ಹೇಳರು. ರಸಾಯನಶಾಸ್ತ್ರಜ್ಞರು ಪತ್ತೆಯ ಮಿತಿ ಎಂದು ಅಂಕಿಯಲ್ಲಿ ಬರೆಯುವುದೂ ಇದನ್ನೇ: ಯಂತ್ರದ ‘ಇಲ್ಲ’ ಎಲ್ಲಿಯವರೆಗೆ ಯೋಗ್ಯ, ಎಲ್ಲಿಂದಾಚೆ ಕತ್ತಲೆ. ಆ ಅಂಕಿ ಯಂತ್ರದ ಕೈಪಿಡಿಯಲ್ಲಿ ಎಲ್ಲೋ ಇರುತ್ತದೆ. ಪರದೆಯ ಮೇಲೆ ಇರುವುದಿಲ್ಲ. ಇದು ತಂತ್ರಜ್ಞಾನದ ಲೋಪವಲ್ಲ, ಮಾರುವವರ ಶೀಲದ ಲೋಪ.

ಒಂದೊಂದು ಯಂತ್ರಕ್ಕೆ ಒಂದೊಂದು ಕುರುಡೂ ಉಂಟು. ಎಕ್ಸ್‌ರೇ ಯಂತ್ರ ಸೀಸ ಇದೆ ಎನ್ನುತ್ತದೆ, ಅದು ಯಾವ ಸಂಯುಕ್ತದಲ್ಲಿದೆ ಎನ್ನುವುದಿಲ್ಲ. ಜಲಜನಕ, ಇಂಗಾಲದಂಥ ಹಗುರ ಮೂಲವಸ್ತುಗಳು ಅದರ ಕಣ್ಣಿಗೆ ಬೀಳವು. ರಾಮನ್ ಯಂತ್ರಕ್ಕೆ ಅಣುಗಳು ಚೆನ್ನಾಗಿ ಕಾಣುತ್ತವೆ, ಲೋಹ ಕಾಣದು, ಅಡುಗೆಯ ಉಪ್ಪೂ ಕಾಣದು. ಜೈನರ ‘ನಯವಾದ’ ಎಂಬ ಸಿದ್ಧಾಂತ ಹೇಳುವಂತೆ ಪ್ರತಿಯೊಂದೂ ಒಂದು ನಿಟ್ಟಿನಿಂದ ನಿಜ. ಆ ನಿಟ್ಟನ್ನು ಮರೆತು ಪೂರ್ಣಸತ್ಯವೆಂದರೆ ಅದು ದುರ್ನಯ.

ಇಷ್ಟೆಲ್ಲ ಹೇಳಿದ ಮೇಲೆ, ಯಂತ್ರ ಬೇಡ, ಹಳೆಯ ನಿಧಾನವೇ ಒಳ್ಳೆಯದು ಎಂದುಬಿಡುವುದು ಸುಲಭ. ಢಾಕಾದ ಅರಿಸಿನದ ಕತೆ ಕೇಳಿದವರು ಹಾಗೆ ಹೇಳಲಾರರು. ಬಾಂಗ್ಲಾದೇಶದಲ್ಲಿ ಅರಿಸಿನದ ಕೊಂಬಿಗೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಿಯುತ್ತಿದ್ದರು. ಸೀಸ ಮಕ್ಕಳ ಮಿದುಳಿಗೆ ವಿಷ. 2019ರಲ್ಲಿ ಅಲ್ಲಿಯ ಆಹಾರ ಸುರಕ್ಷಾ ಅಧಿಕಾರಿಗಳು ಢಾಕಾದ ಶ್ಯಾಮಬಜಾರ್ ಸಗಟು ಮಾರುಕಟ್ಟೆಗೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರದೊಡನೆ ಹೋಗಿ, ಚೀಲಗಳನ್ನು ಅಲ್ಲೇ ಪರೀಕ್ಷಿಸಿ, ಅಲ್ಲೇ ದಂಡ ಹಾಕಿದರು. ಸುದ್ದಿ ಊರೆಲ್ಲ ಹಬ್ಬಿತು. ಆ ವರ್ಷ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಪತ್ತೆಯಾಗಿತ್ತು. 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ವರದಿಗೆ ವಾರಗಟ್ಟಲೆ ಕಾದಿದ್ದರೆ ಚೀಲಗಳು ಅಡುಗೆಮನೆ ಸೇರಿರುತ್ತಿದ್ದವು. ಇಲ್ಲಿ ವೇಗವೇ ಧರ್ಮ.

ಅದೇ ವೇಗ ಅಮೆರಿಕದ ಹ್ಯೂಸ್ಟನ್‌ನಲ್ಲಿ ಅಧರ್ಮವಾಯಿತು. ಅಲ್ಲಿ ಬಳಸಿದ್ದು ಬೆಳಕಿನ ಯಂತ್ರವಲ್ಲ, ಬಣ್ಣ ಬದಲಾಯಿಸುವ ಅಗ್ಗದ ರಾಸಾಯನಿಕ ಪೊಟ್ಟಣ. ಆದರೆ ಪಾಠ ಒಂದೇ. ಕಾರು ತಡೆದ ಪೊಲೀಸ್ ರಸ್ತೆಬದಿಯಲ್ಲೇ ಪರೀಕ್ಷೆ ಮಾಡುತ್ತಿದ್ದ, ಬಣ್ಣ ಬರುತ್ತಿತ್ತು, ಬಂಧನವಾಗುತ್ತಿತ್ತು. ತಪ್ಪೊಪ್ಪಿಕೊಂಡರೆ ಕಡಿಮೆ ಶಿಕ್ಷೆ ಎಂಬ ಒಪ್ಪಂದ ಮುಂದಿಡುತ್ತಿದ್ದರು. ಜಾಮೀನಿಗೆ ದುಡ್ಡಿಲ್ಲದವರು ಒಪ್ಪಿಕೊಂಡುಬಿಡುತ್ತಿದ್ದರು. ಪ್ರಯೋಗಾಲಯದ ಪರೀಕ್ಷೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ನಡೆದು, ಆ ಪುಡಿಯಲ್ಲಿ ನಿಷೇಧಿತ ವಸ್ತುವೇ ಇರಲಿಲ್ಲ ಎಂದು ತಿಳಿಯುತ್ತಿತ್ತು. 2016ರಲ್ಲಿ ಪತ್ರಕರ್ತರು ಇದನ್ನು ಬಯಲಿಗೆಳೆದಾಗ ಹೀಗೆ ಶಿಕ್ಷೆಗೊಳಗಾದವರ ಸಂಖ್ಯೆ ಆ ಒಂದೇ ಊರಿನ ಸುತ್ತ ಇನ್ನೂರನ್ನು ದಾಟಿತ್ತು. ಮಾಡದ ತಪ್ಪನ್ನು ಮಾಡಿದೆನೆಂದು ಮನುಷ್ಯನ ಬಾಯಲ್ಲೇ ಹೇಳಿಸುವ ಶಕ್ತಿ ಒಂದು ಬಣ್ಣಕ್ಕೆ ಬಂದುಬಿಟ್ಟಿತ್ತು!

ಎರಡೂ ಕಡೆ ಪರೀಕ್ಷೆ ನಡೆದದ್ದು ಸ್ಥಳದಲ್ಲೇ, ಕ್ಷಣಾರ್ಧದಲ್ಲೇ. ಭೇದವಿರುವುದು ತಪ್ಪಾದರೆ ತೆರಬೇಕಾದ ಬೆಲೆಯಲ್ಲಿ. ಅರಿಸಿನದ ಚೀಲ ತಪ್ಪಾಗಿ ಜಪ್ತಿಯಾದರೆ ವ್ಯಾಪಾರಿಗೆ ಹಣ ನಷ್ಟ, ಅದನ್ನು ತುಂಬಿಕೊಡಬಹುದು. ತಪ್ಪಾಗಿ ಜೈಲಿಗೆ ಹೋದವನ ದಿನಗಳನ್ನು ಯಾರೂ ತುಂಬಿಕೊಡಲಾರರು. ಜೈನ ತಾರ್ಕಿಕ ಮಾಣಿಕ್ಯನಂದಿಯ ‘ಪರೀಕ್ಷಾಮುಖ’ ಜ್ಞಾನದ ಪ್ರಾಮಾಣ್ಯ ಸ್ವತಃ ತಿಳಿಯುವುದೂ ಉಂಟು, ಪರತಃ ತಿಳಿಯುವುದೂ ಉಂಟು ಎನ್ನುತ್ತದೆ. ಪಳಗಿದ ಸಂದರ್ಭದಲ್ಲಿ ತಾನಾಗಿಯೇ, ಪಳಗದ ಸಂದರ್ಭದಲ್ಲಿ ಇನ್ನೊಂದರ ಬೆಂಬಲದಿಂದ ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಸ್ವತಃಪ್ರಾಮಾಣ್ಯದ ಮೀಮಾಂಸಕರು ಒಂದು ತುದಿ ಹಿಡಿದರೆ ಪರತಃಪ್ರಾಮಾಣ್ಯದ ನೈಯಾಯಿಕರು ಇನ್ನೊಂದು ತುದಿ ಹಿಡಿದರು. ಯಂತ್ರಗಳ ವಿಷಯದಲ್ಲಂತೂ ಜೈನರ ನಡುದಾರಿಯೇ ಸರಿ. ಪಳಗದ ಸಂದರ್ಭ ಎಂಬುದರ ಜೊತೆಗೆ ‘ಮರಳಿ ಸರಿಪಡಿಸಲಾಗದ ಸಂದರ್ಭ’ ಎಂಬುದನ್ನೂ ಇಂದು ಸೇರಿಸಿಕೊಳ್ಳಬೇಕು.

ಎರಡನೆಯ ಸಾಕ್ಷಿಯ ಬೆಲೆ ಇಸ್ರೋಗೆ ಚೆನ್ನಾಗಿ ಗೊತ್ತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಜಾಗದಿಂದ ಒಂದು ಚಿಟಿಕೆ ಮಣ್ಣನ್ನೂ ವಾಪಸು ತರುವಂತಿರಲಿಲ್ಲ. ಏನು ತಿಳಿದರೂ ಅಲ್ಲೇ, ಆಗಲೇ ತಿಳಿಯಬೇಕು. ಸುಮಾರು 26 ಕೆ.ಜಿ. ತೂಕದ ಪ್ರಗ್ಯಾನ್ ರೋವರ್‌ನಲ್ಲಿ ಗ್ರಾಂ ಗ್ರಾಂಗೂ ಲೆಕ್ಕ. ಹಾಗಿದ್ದೂ ಅದರಲ್ಲಿ ಎರಡು ಬೇರೆ ಬೇರೆ ತತ್ವದ ಸ್ಪೆಕ್ಟ್ರೋಸ್ಕೋಪ್‌ಗಳಿದ್ದವು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ರೂಪಿಸಿದ ಒಂದು, ಲೇಸರ್ ಮಿಡಿತದಿಂದ ಮಣ್ಣನ್ನು ಕ್ಷಣಮಾತ್ರ ಉರಿಯುವ ಪ್ಲಾಸ್ಮಾ ಮಾಡಿ ಅದರ ಬೆಳಕನ್ನು ಓದುತ್ತಿತ್ತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಇನ್ನೊಂದು, ಆಲ್ಫಾ ಕಣ ಮತ್ತು ಎಕ್ಸ್‌ರೇ ಹಾಯಿಸಿ ಮರಳಿ ಬರುವ ಎಕ್ಸ್‌ರೇ ಎಣಿಸುತ್ತಿತ್ತು. ಮೊದಲನೆಯದು ದಕ್ಷಿಣ ಧ್ರುವದ ಸಮೀಪ ಗಂಧಕ ಇದೆ ಎಂದಿತು. ಕೆಲವೇ ದಿನಗಳಲ್ಲಿ ಎರಡನೆಯದು ತನ್ನದೇ ದಾರಿಯಿಂದ ಹೌದೆಂದಿತು.

ಬೆಂಗಳೂರಿನ ನಗರ್ತಪೇಟೆಯ ಅಂಗಡಿಗಳಲ್ಲಿ ಇಷ್ಟು ಅನುಕೂಲ ಇಲ್ಲ. ಅಲ್ಲಿ ಒರೆಗಲ್ಲಿನ ಜಾಗಕ್ಕೆ ಎಕ್ಸ್‌ರೇಯಿಂದ ಅಳೆಯುವ ಕ್ಯಾರೆಟ್ ಮೀಟರ್ ಬಂದಿದೆ. ಮಾರಲು ತಂದ ಬಳೆಯನ್ನು ಪೆಟ್ಟಿಗೆಯ ಕಿಂಡಿಯ ಮೇಲೆ ಬೋರಲಿಟ್ಟು ಮುಚ್ಚಳ ಹಾಕುತ್ತಾರೆ. ಅರ್ಧ ನಿಮಿಷ. ಬಂಗಾರ ಇಷ್ಟು, ಬೆಳ್ಳಿ ಇಷ್ಟು, ತಾಮ್ರ ಇಷ್ಟು ಎಂದು ಎರಡನೇ ದಶಾಂಶದವರೆಗೆ ಅಂಕಿಗಳು ಮೂಡುತ್ತವೆ. 91.6 ಬಂದರೆ 22 ಕ್ಯಾರೆಟ್. 88 ಬಂದರೆ ಅಂಗಡಿಯವನ ಮುಖ ಬದಲಾಗುತ್ತದೆ, ಒಡವೆ ತಂದವರ ಮುಖ ಬಾಡುತ್ತದೆ. ಎರಡು ದಶಾಂಶದ ಅಂಕಿಯೆದುರು ಬಾಯಿ ತೆರೆಯುವ ಧೈರ್ಯ ಯಾರಿಗಿದೆ?

ಆದರೆ ಆ ಅಂಕಿ ಬಳೆಯದ್ದಲ್ಲ, ಬಳೆಯ ಮೇಲ್ಮೈಯದ್ದು. ಬಂಗಾರ ಎಷ್ಟು ಸಾಂದ್ರವೆಂದರೆ ಅದರೊಳಗಿಂದ ಎಕ್ಸ್‌ರೇ ಹೊರಬರುವುದು ಕೂದಲೆಳೆಗಿಂತ ತೆಳುವಾದ ಪದರದಿಂದ ಮಾತ್ರ. ಬೆಸುಗೆಯ ಜಾಗ ಕಿಂಡಿಗೆ ಸಿಕ್ಕರೆ ಒಳ್ಳೆಯ ಒಡವೆಯೂ ಕಳಪೆಯೆನಿಸುತ್ತದೆ. ಟಂಗ್‌ಸ್ಟನ್ ತಿರುಳಿಗೆ ದಪ್ಪ ಬಂಗಾರದ ಹೊದಿಕೆ ಹಾಕಿದರೆ ಕಳಪೆಯೂ ಅಪರಂಜಿಯೆನಿಸುತ್ತದೆ. ಬಂಗಾರದ ಸಾಂದ್ರತೆ 19.3, ಟಂಗ್‌ಸ್ಟನ್‌ನದು 19.25, ಹಾಗಾಗಿ ನೀರಿನಲ್ಲಿ ಮುಳುಗಿಸಿ ತೂಗುವ ಹಳೆಯ ಉಪಾಯವೂ ಸೋಲುತ್ತದೆ. ಪರೀಕ್ಷೆ ಇರುವಲ್ಲಿ ಅದಕ್ಕೆ ಮಣ್ಣೆರಚುವ ವಿದ್ಯೆಯೂ ಇರುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಒರೆಗಲ್ಲಿನ ಲಕ್ಷಣದ ಜೊತೆಗೇ ಒರೆಗಲ್ಲನ್ನು ವಂಚಿಸುವ ಬಗೆಗಳನ್ನೂ ಪಟ್ಟಿ ಮಾಡಿದೆ.

ಕೊನೆಯ ಮಾತು ಇಂದಿಗೂ ಬೆಂಕಿಯದೇ. ಒಡವೆಯಿಂದ ಚೂರು ಕೆತ್ತಿ ತೂಗಿ, ಬೆಳ್ಳಿಯ ಜೊತೆ ಸೀಸದ ಹಾಳೆಯಲ್ಲಿ ಸುತ್ತಿ ಕುಲುಮೆಗೆ ಇಡುತ್ತಾರೆ. ತಾಮ್ರಾದಿಗಳನ್ನು ಸೀಸದೊಡನೆ ಮೂಸೆ ಹೀರಿಕೊಳ್ಳುತ್ತದೆ. ಉಳಿದ ಗುಂಡನ್ನು ತಗಡು ಬಡಿದು, ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗಿಸಿ, ಉಳಿದ ಬಂಗಾರವನ್ನು ಮತ್ತೆ ತೂಗುತ್ತಾರೆ. ಗಂಟೆಗಳ ಕೆಲಸ. ಭಾರತೀಯ ಮಾನಕ ಬ್ಯೂರೊ ಬಂಗಾರದ ಶುದ್ಧತೆಯ ಪರೀಕ್ಷೆಗೆ ನಿಗದಿ ಮಾಡಿರುವ ಐಎಸ್ 1418 ಮಾನಕ ಹೇಳುವುದು ಈ ವಿಧಾನವನ್ನೇ.

ಅಂಗಡಿಯ ಪರದೆ ನೋಡಿ ಎದೆ ಒಡೆದುಕೊಂಡು ಅರ್ಧ ಬೆಲೆಗೆ ಒಡವೆ ಕೊಟ್ಟು ಬರುವ ಮುನ್ನ ಓದುಗರು ಇದನ್ನು ನೆನಪಿಡಲಿ. ಬ್ಯೂರೊ ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಗ್ರಾಹಕರು ಶುಲ್ಕ ಕೊಟ್ಟು ತಮ್ಮ ಒಡವೆಯನ್ನು ಪರೀಕ್ಷೆ ಮಾಡಿಸಬಹುದು. ಹಾಲ್‌ಮಾರ್ಕ್ ಇರುವ ಒಡವೆಯ ಶುದ್ಧತೆ ಮುದ್ರೆಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಎಂದು ಸಾಬೀತಾದರೆ, ಕೊರತೆಯಾದ ಬಂಗಾರದ ಬೆಲೆಯ ಎರಡರಷ್ಟನ್ನೂ ಪರೀಕ್ಷೆಯ ಶುಲ್ಕವನ್ನೂ ಮಾರಿದವರಿಂದ ಪಡೆಯುವ ಹಕ್ಕು 2018ರ ಬ್ಯೂರೊ ನಿಯಮಗಳಲ್ಲಿದೆ.